ಗಾಳಿಯೊತ್ತಡದ ಮೊಳೆ ಗನ್: ಅಳವಡಿಕೆ, ಬಳಕೆ ಮತ್ತು ಸುರಕ್ಷತೆ

ರಫ್ತು ಸರಕಿನೊಡನೆ ಹೊರದೇಶಕ್ಕೆ ಹೋಗುವ ಮರದ ಪ್ಯಾಲೆಟ್ ಮತ್ತು ಪೆಟ್ಟಿಗೆಗಳಿಗಾಗಿ ಅಂತಾರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆಯು 2002ರಲ್ಲಿ ಐ.ಎಸ್.ಪಿ.ಎಂ. 15 ಎಂಬ ಮಾನದಂಡವನ್ನು ಅಂಗೀಕರಿಸಿತು. ಶಾಖದಿಂದ ಸಂಸ್ಕರಿಸುವುದಾದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕನಿಷ್ಠ 30 ನಿಮಿಷ ಇರಬೇಕು, ಅನಂತರ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ ಮರವನ್ನು ಆಮದು ದೇಶದ ಬಂದರಿನಲ್ಲಿ ತಡೆಹಿಡಿಯುವ ಸಂಭವವಿರುವುದರಿಂದ, ಒಂದು ಕಾಲಕ್ಕೆ ಕಾರ್ಖಾನೆಯ ಹಿತ್ತಲಿನಲ್ಲಿ ಬಡಗಿಯೊಬ್ಬ ಸುತ್ತಿಗೆ ಹಿಡಿದು ಮಾಡುತ್ತಿದ್ದ ಪ್ಯಾಕಿಂಗ್ ಕೆಲಸವು ಈಗ ಬಹುಮಟ್ಟಿಗೆ ಪ್ರತ್ಯೇಕ ಘಟಕಗಳ ಪಾಲಾಗಿದೆ. ಪೀಣ್ಯ, ಬೊಮ್ಮಸಂದ್ರಗಳಂತಹ ಕೈಗಾರಿಕಾ ಪ್ರದೇಶಗಳ ಇಂತಹ ಘಟಕಗಳಲ್ಲಿ ಸುತ್ತಿಗೆಯ ಸ್ಥಾನದಲ್ಲಿ ಇಂದು ಕಾಣುವುದು ಗಾಳಿಯೊತ್ತಡದಿಂದ ಮೊಳೆ ಹೊಡೆಯುವ ಗನ್. ಪೀಠೋಪಕರಣ, ಒಳಾಂಗಣ ಅಲಂಕಾರ ಮತ್ತು ಸೋಫಾ ತಯಾರಿಕೆಯವರೂ ಇದನ್ನೇ ಅವಲಂಬಿಸಿದ್ದಾರೆ.

ಸಾಧನವು ಅಗ್ಗವಾಗಿದೆ, ಕಲಿಯಲು ಸುಲಭವಾಗಿದೆ. ಹೊಸದಾಗಿ ಸೇರಿದ ಕಾರ್ಮಿಕನು ಅರ್ಧ ಗಂಟೆಯಲ್ಲಿ ಮೊಳೆ ಹೊಡೆಯತೊಡಗುತ್ತಾನೆ. ಅಪಾಯದ ಮೂಲವೂ ಬಹುಶಃ ಇದೇ ಆಗಿದೆ. ಗರಗಸದ ಮುಂದೆ ನಿಂತವನಿಗೆ ಯಾರೂ ಹೇಳದೆಯೇ ಭಯವಿರುತ್ತದೆ. ಮೊಳೆ ಗನ್ ಹಿಡಿದವನಿಗೆ ಅಂತಹ ಭಯ ಹುಟ್ಟುವುದಿಲ್ಲ, ಏಕೆಂದರೆ ಅದರಲ್ಲಿ ತಿರುಗುವ ಯಾವ ಭಾಗವೂ ಕಣ್ಣಿಗೆ ಕಾಣುವುದಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 2001ರಿಂದ 2005ರ ಅವಧಿಯಲ್ಲಿ ಆ ದೇಶದ ಆಸ್ಪತ್ರೆಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಮೊಳೆ ಗನ್‌ನಿಂದ ಗಾಯಗೊಂಡು ಬಂದವರ ಸಂಖ್ಯೆ ವರ್ಷಕ್ಕೆ ಸರಾಸರಿ 37,000. ಇವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಕೆಲಸದ ಮೇಲಿದ್ದವರು. ವರದಿಯಾದ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೈ ಮತ್ತು ಬೆರಳುಗಳಿಗೆ ಆದವು. ಬಡಗಿಗೆ ಕೈಯೇ ಬಂಡವಾಳವೆಂಬುದನ್ನು ನೆನೆದರೆ ಈ ಅಂಕಿಗಳ ಅರ್ಥ ಸ್ಪಷ್ಟವಾಗುತ್ತದೆ.

ಗನ್‌ನ ಒಳಗೆ ನಡೆಯುವುದೇನು?

ಗನ್‌ನ ದೇಹದೊಳಗೆ ಒಂದು ಸಿಲಿಂಡರ್, ಅದರಲ್ಲಿ ಮೇಲೆ ಕೆಳಗೆ ಚಲಿಸುವ ಪಿಸ್ಟನ್, ಪಿಸ್ಟನ್‌ಗೆ ಜೋಡಿಸಿದ ಡ್ರೈವರ್ ಎಂಬ ಉಕ್ಕಿನ ಪಟ್ಟಿ ಇರುತ್ತವೆ. ಟ್ರಿಗರ್ ಒತ್ತಿದಾಗ ಮೇಲಿನ ಕವಾಟ ತೆರೆದುಕೊಂಡು, ಹಿಡಿಕೆಯಲ್ಲಿ ಶೇಖರವಾಗಿದ್ದ ಒತ್ತಡದ ಗಾಳಿಯು ಒಮ್ಮೆಗೇ ಪಿಸ್ಟನ್ ಮೇಲೆ ಎರಗುತ್ತದೆ. ಡ್ರೈವರ್ ಕೆಳಗಿಳಿದು ಮ್ಯಾಗಜೀನ್‌ನಿಂದ ಸರಿದು ಬಂದ ಒಂದು ಮೊಳೆಯನ್ನು ಮರದೊಳಕ್ಕೆ ತಳ್ಳುತ್ತದೆ. ಟ್ರಿಗರ್ ಬಿಟ್ಟಾಗ ಗಾಳಿ ಹೊರಹೋಗಿ ಪಿಸ್ಟನ್ ಮೇಲೇರುತ್ತದೆ. ಇಷ್ಟೂ ಕ್ಷಣಾರ್ಧದಲ್ಲಿ ಮುಗಿಯುತ್ತದೆ.

ಮೂತಿಯಲ್ಲಿ ಸ್ಪ್ರಿಂಗ್ ಇರುವ ಒಂದು ತುದಿಯುಂಟು. ಇದು ಮರಕ್ಕೆ ಒತ್ತಿಕೊಂಡು ಒಳಸರಿದ ಹೊರತು ಗನ್ ಹಾರಕೂಡದೆಂಬುದು ವಿನ್ಯಾಸದ ಉದ್ದೇಶ. ಪ್ಯಾಲೆಟ್ ಮಾಡುವ ಸಿ.ಎನ್. 55, ಸಿ.ಎನ್. 70 ಮಾದರಿಯ ಸುರುಳಿ ಮೊಳೆಯ ಗನ್‌ಗಳಲ್ಲಿ ಈ ತುದಿ ಇದ್ದೇ ಇರುತ್ತದೆ. ಸೋಫಾ ಕೆಲಸದ ಅನೇಕ ಸಣ್ಣ ಸ್ಟೇಪ್ಲರ್‌ಗಳಲ್ಲಿ ಮತ್ತು ಎಫ್. 30 ಮಾದರಿಯ ಸಣ್ಣ ಗನ್‌ಗಳಲ್ಲಿ ಇದು ಇರುವುದಿಲ್ಲ. ಅವುಗಳಿಗೆ ಟ್ರಿಗರ್ ಒಂದೇ ಆಜ್ಞೆ. ಒಂದೇ ಘಟಕದಲ್ಲಿ ಎರಡೂ ಬಗೆಯವು ಇದ್ದಲ್ಲಿ, ತುದಿಯುಳ್ಳ ಗನ್ ಬಳಸಿ ರೂಢಿಯಾದವನು ತುದಿಯಿಲ್ಲದ್ದನ್ನೂ ಅದೇ ನಿರಾಳತೆಯಿಂದ ಹಿಡಿಯುವುದುಂಟು. ಬಣ್ಣದ ಪಟ್ಟಿ ಅಂಟಿಸಿಯಾದರೂ ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸುವುದು ಲೇಸು.

ಕಂಪ್ರೆಸರ್‌ನಿಂದ ಹಿಡಿಕೆಯವರೆಗೆ

ಮೊಳೆ ಗನ್‌ಗಳು ಸಾಮಾನ್ಯವಾಗಿ 70ರಿಂದ 120 ಪಿ.ಎಸ್.ಐ. ಒತ್ತಡದಲ್ಲಿ ಕೆಲಸ ಮಾಡುತ್ತವೆ. ಗನ್‌ನ ಗರಿಷ್ಠ ಒತ್ತಡವನ್ನು ಅದರ ಮೈಮೇಲೆಯೇ ಮುದ್ರಿಸಿರುತ್ತಾರೆ. ಆದರೆ ನಮ್ಮಲ್ಲಿನ ಎಷ್ಟೋ ಕಂಪ್ರೆಸರ್‌ಗಳ ಅಳತೆಪಟ್ಟಿ ಚದರ ಸೆಂಟಿಮೀಟರಿಗೆ ಕಿಲೋಗಳ ಲೆಕ್ಕದಲ್ಲಿರುತ್ತದೆ. ಈ ಲೆಕ್ಕದ 7 ಎಂದರೆ ಸುಮಾರು 100 ಪಿ.ಎಸ್.ಐ., 10 ಎಂದರೆ 142. ಟ್ಯಾಂಕು 10ಕ್ಕೆ ತುಂಬುವ ಕಂಪ್ರೆಸರ್‌ಗೆ ಗನ್ನನ್ನು ನೇರವಾಗಿ ಜೋಡಿಸಿದರೆ ಅದರ ಮಿತಿಯನ್ನು ಮೀರಿದಂತೆಯೇ ಸರಿ. ಆದ್ದರಿಂದ ಟ್ಯಾಂಕಿಗೂ ಗನ್‌ಗೂ ನಡುವೆ ಒತ್ತಡ ನಿಯಂತ್ರಕ, ಅಂದರೆ ರೆಗ್ಯುಲೇಟರ್, ಕಡ್ಡಾಯವಾಗಿ ಇರತಕ್ಕದ್ದು. ಫಿಲ್ಟರ್, ರೆಗ್ಯುಲೇಟರ್, ಎಣ್ಣೆ ಹನಿಸುವ ಬಟ್ಟಲು ಈ ಮೂರೂ ಒಂದಾಗಿ ಬರುವ ಎಫ್.ಆರ್.ಎಲ್. ಘಟಕವು ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತದೆ. ಇದನ್ನು ಕಂಪ್ರೆಸರ್‌ನ ಪಕ್ಕದಲ್ಲಿಡುವುದಕ್ಕಿಂತ ಕೆಲಸದ ಮೇಜಿನ ಸಮೀಪದ ಗೋಡೆಗೆ ಹಾಕುವುದು ಮೇಲು. ಉದ್ದನೆಯ ಹೋಸಿನಲ್ಲಿ ಗಾಳಿ ಹರಿಯುವಾಗ ಒತ್ತಡ ಇಳಿಯುತ್ತದೆ. ಅದನ್ನು ಸರಿದೂಗಿಸಲೆಂದು ಕಾರ್ಮಿಕರು ದೂರದಲ್ಲಿರುವ ರೆಗ್ಯುಲೇಟರ್‌ನ ತಿರುಗಣಿಯನ್ನು ಸುಮ್ಮನೆ ಪೂರ್ತಿ ಬಿಗಿದು ಬಿಡುತ್ತಾರೆ, ಆಮೇಲೆ ಅದರತ್ತ ಯಾರೂ ನೋಡುವುದಿಲ್ಲ.

ಹೋಸನ್ನು ಗನ್‌ಗೆ ಸೇರಿಸುವ ಜೋಡಣೆಯಲ್ಲಿ ಒಂದು ಸೂಕ್ಷ್ಮವಿದೆ. ತ್ವರಿತ ಕಪ್ಲರ್‌ನ ಎರಡು ಭಾಗಗಳಲ್ಲಿ ಹೆಣ್ಣು ಭಾಗದೊಳಗೆ ಗಾಳಿಯನ್ನು ತಡೆಯುವ ಕವಾಟವಿರುತ್ತದೆ, ಗಂಡು ಭಾಗವು ಬರಿಯ ತೂತಾಗಿರುತ್ತದೆ. ಗನ್‌ನ ಹಿಡಿಕೆಗೆ ಯಾವಾಗಲೂ ಗಂಡು ಭಾಗವನ್ನೇ ಕೂರಿಸಬೇಕು. ಆಗ ಹೋಸ್ ಕಳಚಿದ ಕೂಡಲೇ ಗನ್‌ನಲ್ಲಿದ್ದ ಗಾಳಿಯೆಲ್ಲ ಹೊರಹೋಗಿ ಅದು ನಿರ್ಜೀವವಾಗುತ್ತದೆ. ಅದಲುಬದಲಾಗಿ ಹಾಕಿದರೆ ಹೋಸ್ ಕಳಚಿದ ಮೇಲೂ ಹಿಡಿಕೆಯೊಳಗೆ ಗಾಳಿ ಉಳಿದು, ಕನಿಷ್ಠ ಒಂದು ಮೊಳೆಯನ್ನು ಹಾರಿಸುವ ಶಕ್ತಿ ಅದರಲ್ಲಿರುತ್ತದೆ. ಹೋಸ್ ಕಳಚಿದೆಯೆಂದು ನಂಬಿ ಮೂತಿಯಲ್ಲಿ ಸಿಕ್ಕಿದ ಮೊಳೆಯನ್ನು ಬೆರಳಿನಿಂದ ಕೀಳುವವನಿಗೆ ಈ ಗುಟ್ಟು ತಿಳಿದಿರುವುದಿಲ್ಲ. ಘಟಕದಲ್ಲಿರುವ ಎಲ್ಲ ಗನ್‌ಗಳ ಕಪ್ಲರ್‌ಗಳನ್ನು ಒಮ್ಮೆ ನೋಡಿಬಿಡಲು ಹತ್ತು ನಿಮಿಷ ಸಾಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮಾತು ನಮ್ಮ ವಿದ್ಯುತ್ ಪೂರೈಕೆಗೆ ಸಂಬಂಧಿಸಿದ್ದು. ಡ್ರಿಲ್ಲು, ಗರಗಸ ಮೊದಲಾದವು ಕರೆಂಟು ಹೋದೊಡನೆ ನಿಲ್ಲುತ್ತವೆ. ಮೊಳೆ ಗನ್ ನಿಲ್ಲುವುದಿಲ್ಲ. ಕಂಪ್ರೆಸರ್ ಮೌನವಾಗಿದ್ದರೂ ಟ್ಯಾಂಕಿನಲ್ಲಿ ಒತ್ತಡವಿರುವವರೆಗೆ ಗನ್ ಜೀವಂತವಾಗಿರುತ್ತದೆ. ಕರೆಂಟು ಹೋದ ಬಿಡುವಿನಲ್ಲಿ ಗನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಕೊಳ್ಳುವುದು, ಬಿಚ್ಚಿ ಒರೆಸುವುದು ಇವೆಲ್ಲ ಆ ತಪ್ಪು ತಿಳಿವಳಿಕೆಯ ಫಲ. ಬಿಡುವೆಂದರೆ ಹೋಸ್ ಕಳಚುವುದು ಎಂಬ ರೂಢಿಯನ್ನು ಘಟಕದಲ್ಲಿ ಬೆಳೆಸಬೇಕು.

ಗಾಳಿಯಲ್ಲಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಕರಾವಳಿಯಲ್ಲಿಯೂ ಮಳೆಗಾಲದಲ್ಲಿ ಎಲ್ಲೆಡೆಯೂ ಇದು ಹೆಚ್ಚು. ಪ್ರತಿದಿನ ಕೆಲಸ ಮುಗಿದ ಬಳಿಕ ತಳದ ಕೊಳಾಯಿ ತೆರೆದು ನೀರನ್ನು ಬಿಡದಿದ್ದರೆ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿದು ತೆಳುವಾಗುತ್ತದೆ. ಸುರಕ್ಷತಾ ಕವಾಟದ ಉಂಗುರವನ್ನು ತಯಾರಕರು ಹೇಳಿದ ಅಂತರದಲ್ಲಿ ಎಳೆದು, ಅದು ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗನ್‌ಗೆ ಗಾಳಿ ಉಪಕರಣಗಳಿಗೆಂದೇ ಮಾಡಿದ ಎಣ್ಣೆಯನ್ನು ದಿನಾರಂಭದಲ್ಲಿ ಕೆಲವೇ ಹನಿ ಹಾಕಿದರೆ ಸಾಕು. ಎಣ್ಣೆ ಬೇಡದ ಮಾದರಿಗಳೂ ಉಂಟು, ಕೈಪಿಡಿಯನ್ನು ನೋಡತಕ್ಕದ್ದು. ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿದರೆ ಒಳಗಿನ ರಬ್ಬರಿನ ಓ-ರಿಂಗ್‌ಗಳು ಉಬ್ಬಿ ಕವಾಟ ಸಿಕ್ಕಿಕೊಳ್ಳುತ್ತದೆ. ಇನ್ನು ಆಮ್ಲಜನಕ ಅಥವಾ ಬೇರಾವುದೇ ಅನಿಲದ ಸಿಲಿಂಡರನ್ನು ಗನ್‌ಗೆ ಜೋಡಿಸುವುದೆಂದರೆ ಸ್ಫೋಟವನ್ನು ಆಹ್ವಾನಿಸಿದಂತೆ. ವೆಲ್ಡಿಂಗ್ ವಿಭಾಗವೂ ಇರುವ ಘಟಕಗಳಲ್ಲಿ ಕಂಪ್ರೆಸರ್ ಕೆಟ್ಟ ದಿನ ಈ ಯೋಚನೆ ಯಾರಿಗಾದರೂ ಬರಬಹುದಾದ್ದರಿಂದ ಇದನ್ನು ಮೊದಲೇ ಸ್ಪಷ್ಟವಾಗಿ ನಿಷೇಧಿಸಬೇಕು.

ಒತ್ತಡವನ್ನು ಎಷ್ಟಕ್ಕೆ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಒಂದೇ ಸಂಖ್ಯೆಯ ಉತ್ತರವಿಲ್ಲ, ಮರವೇ ಹೇಳಬೇಕು. ನಮ್ಮ ಘಟಕಗಳಿಗೆ ಮಲೆನಾಡಿನ ಕಾಫಿ ತೋಟಗಳ ಸಿಲ್ವರ್ ಓಕ್, ಬಯಲುಸೀಮೆಯ ನೀಲಗಿರಿ, ಆಮದು ಮಾಡಿದ ಪೈನ್ ಇವೆಲ್ಲವೂ ಬರುತ್ತವೆ. ಒಣಗಿದ ನೀಲಗಿರಿಗೆ ಬೇಕಾದ ಒತ್ತಡದಲ್ಲಿ ಪೈನ್ ಹಲಗೆಗೆ ಹೊಡೆದರೆ ಮೊಳೆಯ ತಲೆಯೂ ಒಳಹೊಕ್ಕು ಹಲಗೆ ಸೀಳುತ್ತದೆ, ತೆಳು ಪ್ಲೈವುಡ್ ಆದರೆ ಮೊಳೆ ಆಚೆ ಬದಿಯಿಂದ ಹೊರಬೀಳುತ್ತದೆ. ಕಡಿಮೆ ಒತ್ತಡದಿಂದ ಆರಂಭಿಸಿ, ಅದೇ ಮರದ ತುಂಡೊಂದರ ಮೇಲೆ ಹೊಡೆದು ನೋಡುತ್ತ, ತಲೆಯು ಮರದ ಮಟ್ಟಕ್ಕೆ ಬಂದಲ್ಲಿ ನಿಲ್ಲಿಸುವುದು ಸರಿಯಾದ ಕ್ರಮ. ಹೆಚ್ಚುವರಿ ಒತ್ತಡದಿಂದ ಕೆಲಸ ಬೇಗ ಆಗುವುದಿಲ್ಲ. ಗನ್ ಹಿಂದಕ್ಕೆ ಪುಟಿಯುವ ಬಲ ಮಾತ್ರ ಹೆಚ್ಚುತ್ತದೆ. ಆ ಪುಟಿತವೇ ಮುಂದಿನ ವಿಷಯದ ತಿರುಳು.

ಎರಡು ಬಗೆಯ ಟ್ರಿಗರ್

ಮೊಳೆ ಗನ್ ಕೊಳ್ಳುವವರು ಬೆಲೆ, ಮೊಳೆಯ ಉದ್ದ, ತೂಕ ಇವನ್ನು ಕೇಳುತ್ತಾರೆ. ಟ್ರಿಗರ್ ಯಾವ ಬಗೆಯದೆಂದು ಕೇಳುವವರು ವಿರಳ. ಸುರಕ್ಷತೆಯ ದೃಷ್ಟಿಯಿಂದ ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೊಂದಿಲ್ಲ.

ಮೊದಲನೆಯದು ಕಾಂಟ್ಯಾಕ್ಟ್ ಟ್ರಿಗರ್. ಇದರಲ್ಲಿ ಮೂತಿಯ ತುದಿ ಹಾಗೂ ಟ್ರಿಗರ್ ಎರಡೂ ಒತ್ತಿಕೊಂಡಿದ್ದರೆ ಸಾಕು, ಯಾವುದು ಮೊದಲು ಎಂಬ ನಿರ್ಬಂಧವಿಲ್ಲ. ಟ್ರಿಗರ್ ಹಿಡಿದೇ ಇಟ್ಟುಕೊಂಡು ಗನ್ನನ್ನು ಹಲಗೆಯ ಮೇಲೆ ಕುಟ್ಟುತ್ತ ಹೋದರೆ ಪ್ರತಿ ಕುಟ್ಟಿಗೂ ಒಂದು ಮೊಳೆ ಬೀಳುತ್ತದೆ. ಎರಡನೆಯದು ಸೀಕ್ವೆನ್ಷಿಯಲ್, ಅಂದರೆ ಕ್ರಮಬದ್ಧ ಟ್ರಿಗರ್. ಮೊದಲು ತುದಿಯನ್ನು ಮರಕ್ಕೆ ಒತ್ತಬೇಕು, ಅನಂತರವೇ ಟ್ರಿಗರ್ ಎಳೆಯಬೇಕು. ಪೂರ್ಣ ಕ್ರಮಬದ್ಧ ವಿನ್ಯಾಸದಲ್ಲಿ ಎರಡನ್ನೂ ಬಿಟ್ಟು ಮತ್ತೆ ಮೊದಲಿನಿಂದ ಆರಂಭಿಸಿದ ಹೊರತು ಮುಂದಿನ ಮೊಳೆ ಹಾರುವುದಿಲ್ಲ.

ಕಾಂಟ್ಯಾಕ್ಟ್ ಟ್ರಿಗರ್‌ನಲ್ಲಿ ಅಪಾಯ ಎರಡು ರೀತಿಯಲ್ಲಿ ಬರುತ್ತದೆ. ಮೊಳೆ ಹೊಡೆದಾಗ ಗನ್ ಪುಟಿಯುತ್ತದೆ. ಟ್ರಿಗರ್ ಇನ್ನೂ ಒತ್ತಿಕೊಂಡಿರುವಾಗಲೇ ಮೂತಿ ಮತ್ತೆ ಮರಕ್ಕೆ ತಗುಲಿದರೆ ಬೇಡದ ಎರಡನೆಯ ಮೊಳೆ ಹಾರುತ್ತದೆ, ಅದು ಮೊದಲ ಮೊಳೆಯ ತಲೆಗೆ ಬಡಿದು ಎತ್ತಲಾದರೂ ಸಿಡಿಯಬಹುದು. ಹೊಸಬರು ಪುಟಿತವನ್ನು ತಡೆಯಲೆಂದು ಗನ್ನನ್ನು ಬಲವಾಗಿ ಅದುಮುವುದರಿಂದ ಅವರಲ್ಲಿ ಇದು ಹೆಚ್ಚು. ಎರಡನೆಯದು ನಡೆದಾಡುವಾಗಿನ ಅಪಾಯ. ಟ್ರಿಗರ್ ಮೇಲೆ ಬೆರಳಿಟ್ಟುಕೊಂಡೇ ಗನ್ ಹೊತ್ತು ಹೋಗುವವನ ಮೂತಿ ತನ್ನ ಮೊಣಕಾಲಿಗೋ ಪಕ್ಕದವನ ಬೆನ್ನಿಗೋ ತಗುಲಿದರೆ ಗನ್‌ಗೆ ಅದು ಮರವಲ್ಲವೆಂದು ತಿಳಿಯದು.

ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 2011ರಲ್ಲಿ ಗುತ್ತಿಗೆದಾರರಿಗಾಗಿ ಹೊರತಂದ ಮಾರ್ಗದರ್ಶಿಯು, ಕ್ರಮಬದ್ಧ ಟ್ರಿಗರ್‌ಗೆ ಹೋಲಿಸಿದರೆ ಕಾಂಟ್ಯಾಕ್ಟ್ ಟ್ರಿಗರ್‌ನಲ್ಲಿ ಗಾಯದ ಸಂಭವ ಎರಡು ಪಟ್ಟು ಎಂದು ಹೇಳುತ್ತದೆ. ವೇಗದ ಬಗ್ಗೆಯೂ ಅದರಲ್ಲಿ ಮಾಹಿತಿಯಿದೆ. ಅನುಭವಿ ಬಡಗಿಗಳಿಂದ ಒಂದೇ ಬಗೆಯ ಸಣ್ಣ ಮರದ ಕಟ್ಟಡವನ್ನು ಎರಡೂ ಟ್ರಿಗರ್‌ಗಳಲ್ಲಿ ಕಟ್ಟಿಸಿ ನೋಡಿದಾಗ ಕಾಂಟ್ಯಾಕ್ಟ್ ಟ್ರಿಗರ್‌ನಿಂದ ಮೊಳೆ ಹೊಡೆಯುವ ಸಮಯದಲ್ಲಿ ಸರಾಸರಿ ಶೇ. 10ರಷ್ಟು ಉಳಿತಾಯವಾಯಿತು. ಅಳೆಯುವುದು, ಕೊಯ್ಯುವುದು ಮೊದಲಾದ ಕೆಲಸಗಳನ್ನೂ ಸೇರಿಸಿ ಒಟ್ಟು ಸಮಯವನ್ನು ಲೆಕ್ಕ ಹಾಕಿದರೆ ಈ ಉಳಿತಾಯ ಶೇ. 1ಕ್ಕಿಂತ ಕಡಿಮೆ. ಟ್ರಿಗರ್‌ಗಿಂತ ಗನ್ ಹಿಡಿದ ವ್ಯಕ್ತಿಯ ಕೌಶಲವೇ ವೇಗವನ್ನು ಹೆಚ್ಚು ನಿರ್ಧರಿಸಿತು.

ಪ್ಯಾಲೆಟ್ ತಯಾರಕರು ಇದಕ್ಕೆ ಆಕ್ಷೇಪ ಎತ್ತಬಹುದು, ಆ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಮನೆ ಕಟ್ಟುವ ಬಡಗಿ ದಿನದ ಬಹುಭಾಗ ಅಳತೆಯಲ್ಲಿ ಕಳೆಯುತ್ತಾನೆ, ಪ್ಯಾಲೆಟ್ ಕೆಲಸವೆಂದರೆ ದಿನವಿಡೀ ಮೊಳೆ ಹೊಡೆಯುವುದೇ. ಪ್ಯಾಲೆಟ್ಟಿಗೆ 80 ಮೊಳೆ, ದಿನಕ್ಕೆ 100 ಪ್ಯಾಲೆಟ್ ಎಂದಿಟ್ಟುಕೊಂಡರೆ 8,000 ಮೊಳೆಗಳಾದವು. ಮೊಳೆಯೊಂದಕ್ಕೆ ಅರ್ಧ ಸೆಕೆಂಡು ಹೆಚ್ಚಾದರೂ ದಿನಕ್ಕೆ 4,000 ಸೆಕೆಂಡು, ಅಂದರೆ ಸುಮಾರು 67 ನಿಮಿಷ. ಮೂವರು ಕೆಲಸ ಹಂಚಿಕೊಂಡಿದ್ದರೆ ತಲಾ 22 ನಿಮಿಷ. ಇದು ನಿಜವಾದ ವೆಚ್ಚ, ಇಲ್ಲವೆನ್ನಲಾಗದು. ಇದರ ಎದುರಿಗೆ ಬೆರಳಿನ ಸ್ನಾಯುವೋ ನರವೋ ತುಂಡಾದ ಒಬ್ಬ ಅನುಭವಿ ಕೆಲಸಗಾರನ ಗೈರುಹಾಜರಿ, ಚಿಕಿತ್ಸೆ, ಪರಿಹಾರ ಹಾಗೂ ಬದಲಿ ಕೆಲಸಗಾರನ ನಿಧಾನಗತಿ ಇವುಗಳನ್ನಿಟ್ಟು ಲೆಕ್ಕ ಹಾಕಬೇಕಾದವನು ಮಾಲೀಕನೇ.

ಕಾರ್ಯಸಾಧ್ಯವಾದ ನಡುದಾರಿಯೊಂದಿದೆ. ಹಲಗೆಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ, ಅಂದರೆ ಜಿಗ್‌ನಲ್ಲಿ, ಭದ್ರವಾಗಿ ಕೂರಿಸಿ, ಯಾರೂ ಕೈಯಿಂದ ಹಿಡಿಯಬೇಕಿಲ್ಲದ ಸಮತಟ್ಟಾದ ಕೆಲಸಕ್ಕೆ ಮಾತ್ರ ನುರಿತವರ ಕೈಗೆ ಕಾಂಟ್ಯಾಕ್ಟ್ ಗನ್ ಕೊಡುವುದು. ಒಂದು ಕೈಯಲ್ಲಿ ಮರ ಹಿಡಿದು ಇನ್ನೊಂದರಲ್ಲಿ ಹೊಡೆಯುವ ಪೆಟ್ಟಿಗೆಯ ಮೂಲೆ, ಓರೆಯಾಗಿ ಹೊಡೆಯುವ ಜೋಡಣೆ, ಏಣಿಯ ಮೇಲಿನ ಕೆಲಸ, ದುರಸ್ತಿ ಇವೆಲ್ಲಕ್ಕೂ, ಹಾಗೂ ಹೊಸಬರು ಮಾಡುವ ಎಲ್ಲ ಕೆಲಸಕ್ಕೂ, ಕ್ರಮಬದ್ಧ ಗನ್ ಮಾತ್ರ. ಕೆಲವು ತಯಾರಕರು ಹಳೆಯ ಗನ್‌ನ ಟ್ರಿಗರ್ ಬದಲಿಸುವ ಬಿಡಿಭಾಗದ ಕಿಟ್ಟನ್ನು ಪ್ರತ್ಯೇಕವಾಗಿ ಮಾರುತ್ತಾರೆ, ಕೆಲವು ಗನ್‌ಗಳಲ್ಲಿ ಎರಡರ ನಡುವೆ ಬದಲಿಸುವ ಗುಂಡಿಯೇ ಇರುತ್ತದೆ. ಎರಡೂ ಬಗೆಯವು ನೋಡಲು ಒಂದೇ ಥರ ಇರುವುದರಿಂದ ಇಲ್ಲಿಯೂ ಗುರುತು ಅಗತ್ಯ.

ಸಂಖ್ಯೆಯ ಲೆಕ್ಕದಲ್ಲಿ ಕೂಲಿ ಕೊಡುವ ಘಟಕಗಳಲ್ಲಿ ಒಂದು ದುರಭ್ಯಾಸ ತಲೆದೋರುತ್ತದೆ: ಮೂತಿಯ ತುದಿಯನ್ನು ತಂತಿಯಿಂದ ಹಿಂದಕ್ಕೆ ಕಟ್ಟುವುದು, ಇಲ್ಲವೇ ಟ್ರಿಗರ್‌ಗೆ ಟೇಪು ಸುತ್ತುವುದು. ಹೀಗೆ ಮಾಡಿದವನನ್ನು ಬೈಯುವುದು ಸುಲಭ. ಪ್ಯಾಲೆಟ್ ಲೆಕ್ಕದ ಮೇಲೆ ದರ ಕಟ್ಟಿ, ಅದರ ಮೇಲೆ ಸಂಜೆಯೊಳಗೆ ಲಾರಿ ತುಂಬಬೇಕೆಂದು ಅವಸರಪಡಿಸಿದವರ ಪಾಲೂ ಅದರಲ್ಲಿದೆ. ತಂತಿ ಕಟ್ಟಿದ ಗನ್ ಕಂಡ ದಿನ ದರಪಟ್ಟಿಯನ್ನೂ ಒಮ್ಮೆ ಮರುಪರಿಶೀಲಿಸುವುದು ಉಚಿತ.

ಬಳಕೆಯ ವೇಳೆ

ಮೊಳೆ ಹೊಡೆಯುವ ಜಾಗದಿಂದ ಇನ್ನೊಂದು ಕೈ ಕನಿಷ್ಠ 12 ಅಂಗುಲ ದೂರವಿರಬೇಕೆಂಬುದು ಮೇಲೆ ಹೇಳಿದ ಮಾರ್ಗದರ್ಶಿಯ ಸಲಹೆ. ಮರದ ಗಂಟಿಗೆ, ಹಳೆಯ ಮೊಳೆಗೆ ಅಥವಾ ಕಬ್ಬಿಣದ ಪಟ್ಟಿಗೆ ತಾಗಿದ ಮೊಳೆಯು ಒಳಗೇ ಬಾಗಿ ಹಲಗೆಯ ಪಕ್ಕದಿಂದ ಹೊರಬರುತ್ತದೆ. ಹಲಗೆಯ ಅಂಚನ್ನು ಹಿಡಿದ ಬೆರಳುಗಳಿರುವುದು ಸರಿಯಾಗಿ ಅಲ್ಲಿಯೇ. ಹಳೆಯ ಪ್ಯಾಲೆಟ್‌ಗಳನ್ನು ದುರಸ್ತಿ ಮಾಡುವವರಿಗೆ ಈ ಅಪಾಯ ದುಪ್ಪಟ್ಟು, ಏಕೆಂದರೆ ಮುರಿದ ಮೊಳೆಗಳು ಮರದೊಳಗೆ ಅಡಗಿರುತ್ತವೆ. ಹನ್ನೆರಡು ಅಂಗುಲಕ್ಕಿಂತ ಚಿಕ್ಕ ತುಂಡುಗಳನ್ನು ಕೈಯಲ್ಲಿ ಹಿಡಿಯದೆ ಕ್ಲ್ಯಾಂಪಿನಲ್ಲಿ ಬಿಗಿಯಬೇಕು. ಇಬ್ಬರು ಎದುರುಬದುರು ನಿಂತು ಒಂದೇ ಪ್ಯಾಲೆಟ್‌ಗೆ ಹೊಡೆಯುವ ಪದ್ಧತಿಯನ್ನು ಬಿಡಬೇಕು.

ಕಣ್ಣಿಗೆ ಐ.ಎಸ್. 5983 ಗುರುತಿನ, ಪಕ್ಕದಲ್ಲೂ ಮರೆಯಿರುವ ಕನ್ನಡಕ ಹಾಕಿಕೊಳ್ಳಬೇಕು. ಗನ್ ಹಿಡಿದವನಿಗಷ್ಟೇ ಅಲ್ಲ, ಹಲಗೆ ಜೋಡಿಸಿ ಕೊಡುವ ಸಹಾಯಕನಿಗೂ ಇದು ಬೇಕು. ಸುರುಳಿ ಮೊಳೆಗಳನ್ನು ಒಂದಕ್ಕೊಂದು ಬೆಸೆದ ಸಣ್ಣ ತಂತಿಯ ಚೂರುಗಳು ಪ್ರತಿ ಹೊಡೆತಕ್ಕೂ ಸಿಡಿಯುತ್ತವೆ. ಮೊಳೆ ಬೀಳುವ ಸದ್ದು, ಗಾಳಿ ಹೊರಹೋಗುವ ಸದ್ದು ಎರಡೂ ಕಿವಿಗೆ ಹಾನಿಕರವಾದ್ದರಿಂದ ಕಿವಿರಕ್ಷಕವೂ ಅವಶ್ಯ. ಅದೇ ಹೋಸಿನ ಗಾಳಿಯಿಂದ ಮೈಮೇಲಿನ ಮರದ ಪುಡಿಯನ್ನು ಊದಿಕೊಳ್ಳುವ ಅಭ್ಯಾಸ ಎಲ್ಲೆಡೆ ಇದೆ. ಗಾಯದ ಮೂಲಕ ಚರ್ಮದೊಳಗೆ ಹೊಕ್ಕ ಒತ್ತಡದ ಗಾಳಿ ಪ್ರಾಣಕ್ಕೇ ಎರವಾಗಬಹುದು.

ಮೊಳೆ ಸಿಕ್ಕಿಕೊಂಡಾಗ, ಮ್ಯಾಗಜೀನ್ ತುಂಬುವಾಗ, ಗನ್ನನ್ನು ಇನ್ನೊಬ್ಬರ ಕೈಗೆ ಕೊಡುವಾಗ, ಏಣಿ ಹತ್ತುವಾಗ ಹೋಸ್ ಕಳಚಿರಬೇಕು. ಗನ್ನನ್ನು ಹೋಸಿನಿಂದ ಎಳೆಯುವುದು ಸಲ್ಲದು. ಹೊಡೆಯದಿರುವಾಗ ಬೆರಳು ಟ್ರಿಗರ್‌ನಿಂದ ಹೊರಗಿರಬೇಕು.

ತರಬೇತಿಯ ವಿಷಯದಲ್ಲಿ ಭಾಷೆಯ ತೊಡಕೊಂದಿದೆ. ಕೈಪಿಡಿ ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಇರುತ್ತದೆ, ಮೇಲ್ವಿಚಾರಕ ಕನ್ನಡದಲ್ಲಿ ಹೇಳುತ್ತಾನೆ, ಕೇಳುವವನು ಬಿಹಾರ, ಒಡಿಶಾ ಅಥವಾ ಅಸ್ಸಾಮಿನಿಂದ ಬಂದವನಾಗಿರುತ್ತಾನೆ. ಮಾತಿಗಿಂತ ತೋರಿಸಿ ಕಲಿಸುವುದು ಫಲಕಾರಿ. ಟ್ರಿಗರ್‌ಗಳ ವ್ಯತ್ಯಾಸವನ್ನು ನಿರುಪಯುಕ್ತ ಹಲಗೆಯೊಂದರ ಮೇಲೆ ಹೊಡೆದು ತೋರಿಸಿ, ಅನಂತರ ಅವನಿಂದಲೇ ಹೊಡೆಸಿ ನೋಡಬೇಕು.

ಕಾನೂನು ಮತ್ತು ಅಪಘಾತದ ನಂತರ

1948ರ ಕಾರ್ಖಾನೆಗಳ ಕಾಯ್ದೆಯು 31ನೆಯ ವಿಧಿಯಲ್ಲಿ ಒತ್ತಡದಡಿ ಕೆಲಸ ಮಾಡುವ ಸ್ಥಾವರಗಳನ್ನೂ 35ನೆಯ ವಿಧಿಯಲ್ಲಿ ಕಣ್ಣಿನ ರಕ್ಷಣೆಯನ್ನೂ ಕುರಿತು ನಿಯಮ ವಿಧಿಸಿತ್ತು. ಅದರ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ 2020ರ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ವಿದ್ಯುಚ್ಛಕ್ತಿ ಬಳಸುವ ಘಟಕವು ಕಾರ್ಖಾನೆ ಎನಿಸಿಕೊಳ್ಳಲು ಹಿಂದಿನ ಕಾಯ್ದೆಯಲ್ಲಿ 10 ಕಾರ್ಮಿಕರಿದ್ದರೆ ಸಾಕಿತ್ತು, ಸಂಹಿತೆಯಲ್ಲಿ ಆ ಸಂಖ್ಯೆ 20. ಆರೇಳು ಜನರ ಪ್ಯಾಲೆಟ್ ಘಟಕಗಳು ಹಿಂದೆಯೂ ಈ ವ್ಯಾಖ್ಯೆಯ ಹೊರಗಿದ್ದವು, ಈಗ ಇನ್ನಷ್ಟು ಘಟಕಗಳು ಹೊರಗುಳಿಯುತ್ತವೆ. ಅಲ್ಲಿ ನಿರೀಕ್ಷಕರು ಬಂದು ಟ್ರಿಗರ್ ನೋಡುವ ಸಂಭವ ಕಡಿಮೆಯಾದ್ದರಿಂದ ಮಾಲೀಕರೇ ನೋಡಿಕೊಳ್ಳಬೇಕಾಗುತ್ತದೆ.

ಮೊಳೆ ದೇಹಕ್ಕೆ ಹೊಕ್ಕಾಗ ಅದನ್ನು ಇಕ್ಕಳದಿಂದ ಕಿತ್ತು ಅರಿಶಿನ ಮೆತ್ತಿ ಬಟ್ಟೆ ಕಟ್ಟುವವರಿದ್ದಾರೆ. ಇದು ತಪ್ಪು. ಸುರುಳಿ ಮೊಳೆಯ ಮೈಗೆ ಬೆಸುಗೆಯ ತಂತಿಯ ಮುಳ್ಳುಗಳು ಅಂಟಿಕೊಂಡಿರುತ್ತವೆ, ಹೊರಗೆಳೆಯುವಾಗ ಅವು ನರ ಮತ್ತು ಸ್ನಾಯುಗಳನ್ನು ಮತ್ತಷ್ಟು ಹರಿಯುತ್ತವೆ. ಮೊಳೆಯನ್ನು ಇದ್ದಂತೆಯೇ ಬಿಟ್ಟು, ಅಲುಗದ ಹಾಗೆ ಬಟ್ಟೆಯಿಂದ ಆಧಾರ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ಅದೇ ಪೆಟ್ಟಿಗೆಯ ಮೊಳೆಯೊಂದನ್ನು ಜೊತೆಗೆ ಕೊಂಡೊಯ್ದರೆ ಅದರ ಉದ್ದ ಮತ್ತು ಆಕಾರ ವೈದ್ಯರಿಗೆ ತಿಳಿಯುತ್ತದೆ. ಮೇಲುನೋಟಕ್ಕೆ ಗಾಯ ಸಣ್ಣದಿದ್ದರೂ ಅಂಟು, ಪ್ಲಾಸ್ಟಿಕ್, ಬಟ್ಟೆಯ ಚೂರುಗಳು ಒಳಗೆ ಉಳಿದಿರಬಹುದಾದ್ದರಿಂದ ವೈದ್ಯರಿಗೆ ತೋರಿಸುವುದನ್ನು ಮುಂದೂಡಬಾರದು. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಅಲ್ಲಿಯೇ ವಿಚಾರಿಸತಕ್ಕದ್ದು. ಘಟಕದ ಅಪಘಾತ ಪುಸ್ತಕದಲ್ಲಿ ಗಾಯಗೊಂಡವನ ಹೆಸರು ಮತ್ತು ವೇಳೆಯ ಜೊತೆಗೆ ಗನ್‌ನ ಟ್ರಿಗರ್ ಬಗೆ, ರೆಗ್ಯುಲೇಟರ್ ತೋರಿಸುತ್ತಿದ್ದ ಒತ್ತಡ, ಮರದ ಜಾತಿ, ಹಲಗೆಯನ್ನು ಕೈಯಲ್ಲಿ ಹಿಡಿದಿದ್ದರೇ ಅಥವಾ ಜಿಗ್‌ನಲ್ಲಿತ್ತೇ ಎಂಬುದನ್ನೂ ಬರೆದಿಡಬೇಕು. ಬೆರಳಿಗೆ ತಾಗದೆ ತಪ್ಪಿಹೋದ ಮೊಳೆಗಳನ್ನೂ ಅದೇ ಪುಸ್ತಕದಲ್ಲಿ ನಮೂದಿಸಿದರೆ ಮುಂದಿನ ಗನ್ ಕೊಳ್ಳುವಾಗ ಅಂಗಡಿಯಲ್ಲಿ ಏನನ್ನು ಕೇಳಬೇಕೆಂದು ಗೊತ್ತಾಗುತ್ತದೆ.